ಅಕ್ಕಿ ಡಬ್ಬಿ ಎಲ್ಲಿದೆ?

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಶಾಲೆಗಳಿಗೆ ಲೇಖಕಿಯೊಬ್ಬರು ಬರುತ್ತಿರುತ್ತಾರೆ. ಚೀನೀ ವಲಸಿಗರ ಬಗ್ಗೆ ಮಕ್ಕಳಿಗಾಗಿ ಐತಿಹಾಸಿಕ ಕಾದಂಬರಿ ಬರೆದವರು. ನಾನು ಶಾಲೆಯ ಗ್ರಂಥಾಲಯದ ಸ್ವಯಂಸೇವಕಿ. ಅಂದರೆ, ಅವರ ಪುಸ್ತಕದ ಪೆಟ್ಟಿಗೆ ಹೊರುವವಳು.

ಈ ಸಲ ವಿಘ್ನ ಕಚೇರಿಯಲ್ಲೇ ಕಾದಿತ್ತು. ಗುರುತಿನ ಚೀಟಿ ಮುದ್ರಿಸುವ ಯಂತ್ರ ಲೇಖಕಿಯ ಭಾವಚಿತ್ರದ ಕೆಳಗೆ, ಅವರಿಗಿಂತ ಮುಂಚೆ ಬಂದಿದ್ದ ನಲ್ಲಿ ರಿಪೇರಿಯವನ ಹೆಸರನ್ನು ಅಚ್ಚು ಹಾಕಿತು. ಸರಿಪಡಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಆ ಚೀಟಿಯನ್ನೇ ಎದೆಗೆ ಅಂಟಿಸಿಕೊಂಡು ಸಭಾಂಗಣಕ್ಕೆ ನಡೆದರು. ಅದೇ ಭಾಷಣದ ಪೀಠಿಕೆಯೂ ಆಯಿತು.

1882ರ ಕಾಯ್ದೆ ಚೀನೀ ಕಾರ್ಮಿಕರಿಗೆ ಅಮೆರಿಕದ ಬಾಗಿಲು ಮುಚ್ಚಿತು. 1906ರ ಭೂಕಂಪದ ಬೆನ್ನಿಗೇ ಎದ್ದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಬೂದಿಯಾದವು. 'ನಾನು ಇಲ್ಲೇ ಹುಟ್ಟಿದವನು' ಎಂದವನಿಗೆ 'ಅಲ್ಲ' ಎನ್ನಲು ಸರ್ಕಾರದ ಬಳಿ ಕಾಗದವೇ ಇಲ್ಲ! ಇಲ್ಲಿ ಹುಟ್ಟಿದವನು ನಾಗರಿಕ; ನಾಗರಿಕನ ಮಕ್ಕಳಿಗೆ ಪ್ರವೇಶವಿತ್ತಲ್ಲ, ಹಾಗಾಗಿ ಹುಟ್ಟದ ಗಂಡುಮಕ್ಕಳು ಕಾಗದದ ಮೇಲೆ ಹುಟ್ಟಿದರು. ಆ ಹೆಸರನ್ನು ದುಡ್ಡು ಕೊಟ್ಟು ಕೊಂಡ ಬೇರೆ ಯಾರೋ ಹುಡುಗ ಹಡಗು ಹತ್ತುತ್ತಿದ್ದ. ಇವರೇ 'ಪೇಪರ್ ಸನ್'ಗಳು. "ಇವತ್ತು ನಾನೂ ಅವರ ಪೈಕಿ" ಎಂದು ಲೇಖಕಿ ಚೀಟಿ ತೋರಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕಚೇರಿಯಾಕೆ ನಗಲಿಲ್ಲ.

ಸರ್ಕಾರವೇನು ದಡ್ಡನೇ? 1910ರಿಂದ 1940ರವರೆಗೆ ಕೊಲ್ಲಿಯ ನಡುವಿನ ಏಂಜಲ್ ದ್ವೀಪದಲ್ಲಿ ಕೂಡಿಹಾಕಿ ವಿಚಾರಣೆ ಮಾಡಿತು. ನಮ್ಮ ಭಾರತೀಯರೂ ಅಲ್ಲಿ ಸಿಕ್ಕಿಬಿದ್ದಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಬಾವಿ ಎಷ್ಟು ದೂರ? ಅಕ್ಕಿ ಎಲ್ಲಿಡುತ್ತೀರಿ? ಅಪ್ಪನ ಉತ್ತರಕ್ಕೂ ಮಗನ ಉತ್ತರಕ್ಕೂ ತಾಳೆಯಾಗದಿದ್ದರೆ ವಾಪಸು ಹಡಗು. ಹುಡುಗರು ಉತ್ತರಗಳನ್ನು ಉರುಹೊಡೆದು, ದಡ ಸೇರುವ ಮುನ್ನ ಟಿಪ್ಪಣಿ ಪುಸ್ತಕವನ್ನು ಸಮುದ್ರಕ್ಕೆ ಎಸೆಯುತ್ತಿದ್ದರಂತೆ. ತಿಂಗಳುಗಟ್ಟಲೆ ಕಾದವರು ಬ್ಯಾರಕ್‌ಗಳ ಮರದ ಗೋಡೆಯಲ್ಲಿ ಕೆತ್ತಿದ ಪದ್ಯಗಳು ಈಗಲೂ ಇವೆ.

ಪ್ರಯೋಗಕ್ಕೆಂದು ಲೇಖಕಿ ಅವಳಿ ಹುಡುಗರಿಬ್ಬರನ್ನು ಕರೆದು, ಒಬ್ಬನನ್ನು ಹೊರಗೆ ನಿಲ್ಲಿಸಿ, ಒಬ್ಬೊಬ್ಬರನ್ನೇ ವಿಚಾರಿಸಿದರು. ರಾತ್ರಿ ದೀಪ ಆರಿಸುವವರು ಯಾರು? "ನಾನು" ಎಂದ ಮೊದಲನೆಯವನು. "ನಾನು" ಎಂದ ಎರಡನೆಯವನು. ಮನೆಗೆ ಎಷ್ಟು ಮೆಟ್ಟಿಲು? ಒಬ್ಬ ಹನ್ನೆರಡು ಎಂದ. ಇನ್ನೊಬ್ಬ, ತಾನು ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಜಾರಿ ಇಳಿಯುವುದರಿಂದ ಲೆಕ್ಕವಿಟ್ಟಿಲ್ಲ ಎಂದ. ಇಬ್ಬರಿಗೂ ಗಡೀಪಾರು! ಒಬ್ಬನ ತುಟಿ ಅದುರತೊಡಗಿತು. ಮತ್ತೊಬ್ಬ, "ಇವನು ನನ್ನ ತಮ್ಮನೇ ಅಲ್ಲ, ಇವನೊಬ್ಬನನ್ನೇ ಕಳಿಸಿ" ಎಂದುಬಿಟ್ಟ. ಅಧಿಕಾರಿಗಳಿಗೆ ಬೇಕಿದ್ದುದೂ ಇಂಥ ಸಾಕ್ಷಿಯೇ.

ಅಷ್ಟರಲ್ಲಿ ಬೆಂಕಿಯ ಸೈರನ್ ಕೂಗಿತು. ಅದು ಅಣಕು ಕಸರತ್ತು. ದಿನ ಬದಲಾಗಿದ್ದು ನಮಗೆ ತಿಳಿಸಿರಲಿಲ್ಲ. ಮೈದಾನದಲ್ಲಿ ಸಾಲು ನಿಂತಾಗ ಹಿಂದಿನ ಬೆಂಚಿನ ಹುಡುಗಿ ಲೇಖಕಿಯ ಅಂಗಿ ಜಗ್ಗಿ, ಬಹಳ ಆಸೆಯಿಂದ ಕೇಳಿದಳು: "ನಮ್ಮ ಅಂಕಪಟ್ಟಿಗಳೂ ಸುಟ್ಟುಹೋಗುತ್ತವೆಯೇ?"

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರನ್ನು ವಿಚಾರಣೆಗೆ ಒಳಪಡಿಸಿದೆ. ತೀರ್ಥಹಳ್ಳಿಯ ಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ? "ಇಪ್ಪತ್ತೆರಡು, ಕೊಡ ತುಂಬಿದ್ದರೆ ಮೂವತ್ತು" ಎಂದರು ಥಟ್ಟನೆ. ಭಲೇ ಎನ್ನಿಸಿತು. ಸರಿ, ಈ ಮನೆಯಲ್ಲಿ ಅಕ್ಕಿ ಎಲ್ಲಿರುತ್ತದೆ?

ಸಾರಿನ ಸೌಟು ಕೈಯಲ್ಲಿ ಹಿಡಿದೇ ಯೋಚಿಸಿದರು. "ಕುಕ್ಕರಿನಲ್ಲಿ ಇರುತ್ತದಲ್ಲ?"