ಡಬ್ಬಿ ನಿಮ್ಮದು, ಗೇಮ್ ಅವರದು

ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಆಡುವ ಯಂತ್ರ ಸ್ವಿಚ್ 2ರ 'ಗೇಮ್-ಕೀ ಕಾರ್ಡ್' ನೋಡಿ ಎಲ್ಲರೂ ಬೈಯುತ್ತಿದ್ದಾರೆ. ನನಗಂತೂ ಕಂಪನಿಯ ಧೈರ್ಯ ನೋಡಿ ಕೈ ಮುಗಿಯಬೇಕು ಅನಿಸುತ್ತದೆ. ಪೂರ್ತಿ ದುಡ್ಡು ಕೊಟ್ಟರೆ ಚೆಂದದ ಡಬ್ಬಿ ಬರುತ್ತದೆ. ಡಬ್ಬಿಯಲ್ಲಿ ಕಾರ್ಡು ಇರುತ್ತದೆ. ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ! ಅದನ್ನು ನಿಮ್ಮ ಇಂಟರ್‌ನೆಟ್ ಖರ್ಚಲ್ಲಿ ನೀವೇ ಡೌನ್‌ಲೋಡ್ ಮಾಡಿಕೊಳ್ಳಬೇಕು. ಆಮೇಲೆ ಕಾರ್ಡನ್ನು ಮೂಲೆಗೆ ಎಸೆಯೋಣ ಅಂದರೆ ಅದೂ ಇಲ್ಲ, ಆಡುವಾಗಲೆಲ್ಲ ಅದು ಯಂತ್ರದೊಳಗೆ ಇರಲೇಬೇಕು. ದರ್ಶಿನಿಯಲ್ಲಿ ಟೋಕನ್ ತಗೊಂಡ ಮೇಲೆ, 'ದೋಸೆ ಗೋಡೌನಿನಲ್ಲಿದೆ, ಹೋಗಿ ತಗೊಂಡು ಬನ್ನಿ, ತಿನ್ನುವಷ್ಟು ಹೊತ್ತೂ ಟೋಕನ್ ಕೈಯಲ್ಲಿ ಹಿಡಿದಿರಿ' ಅಂದ ಹಾಗೆ.

ದೊಡ್ಡ ಗೇಮ್ ಕಾರ್ಡಿನಲ್ಲಿ ಹಿಡಿಸೋದಿಲ್ಲ ಅಂತ ನೆಪ ಹೇಳಬೇಡಿ. ಸೈಬರ್‌ಪಂಕ್ 2077ನಂಥ ದೈತ್ಯ ಗೇಮ್ 64 ಜಿಬಿ ಕಾರ್ಡಿನಲ್ಲಿ ಪೂರ್ತಿ ಬಂದಿದೆ. ಮನಸ್ಸಿದ್ದರೆ ಆಗುತ್ತದೆ.

ಅಂದಹಾಗೆ, 2017ರ ಮೊದಲ ಸ್ವಿಚ್‌ನ ಕಾರ್ಡುಗಳಿಗೆ ಮಕ್ಕಳು ನುಂಗಬಾರದು ಅಂತ ಡೆನಾಟೋನಿಯಂ ಬೆಂಜೋಯೇಟ್ ಅನ್ನೋ ಭಯಂಕರ ಕಹಿ ಬಳಿದಿದ್ದರು. ಸುದ್ದಿ ಹಬ್ಬಿದ್ದೇ ತಡ, ಮೀಸೆ ಬಂದವರೆಲ್ಲ ಕಾರ್ಡು ನೆಕ್ಕಿ ಮುಖ ಕಿವುಚಿ ವಿಡಿಯೋ ಹಾಕಿದರು. ಮಕ್ಕಳು ಮಾತ್ರ ಸುಮ್ನೆ ಆಡುತ್ತಿದ್ದರು. ಆಗ ನೆಕ್ಕಿದವರಿಗೆ ಕಾರ್ಡಿನಲ್ಲಿ ಗೇಮ್ ಆದರೂ ಇತ್ತು ಬಿಡಿ. ಇನ್ನೂ ಹಿಂದೆ ಹೋದರೆ, ಇದೇ ನಿಂಟೆಂಡೊ 1889ರಲ್ಲಿ ಕ್ಯೋಟೋದಲ್ಲಿ ಹನಫುಡ ಅನ್ನೋ ಇಸ್ಪೀಟಿನಂಥ ಎಲೆಗಳನ್ನು ಮಾರಿ ಶುರುವಾದ ಕಂಪನಿ. ಆ ಎಲೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಇವತ್ತೂ ಆಡಬಹುದು. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ.

ಮನೆಯಲ್ಲಿ ಟಿವಿಗೆ, ಹೊರಗೆ ಕೈಯಲ್ಲಿ ಅನ್ನೋ ಈ ಜೋಡಿ ಕನ್ಸೋಲೇ ಮುಂದಿನ ದಾರಿ ಅಂತೆ. 2025ರಲ್ಲಿ ಬಂದಾಗ ಅಮೆರಿಕದಲ್ಲಿ 450 ಡಾಲರಿನ ಯಂತ್ರ, ಮಾರಿಯೊ ಕಾರ್ಟ್ ವರ್ಲ್ಡ್ ಅನ್ನೋ ಗೇಮ್ ಬೇಕೆಂದರೆ ಮತ್ತೆ 80 ಡಾಲರ್. ಯಂತ್ರದಲ್ಲಿ ಏನೇನಿದೆ ಅಂತ ತೋರಿಸುವ 'ವೆಲ್ಕಮ್ ಟೂರ್'ಗೂ 10 ಡಾಲರ್! ನೀವು ಕೊಂಡ ಯಂತ್ರದ ಬಗ್ಗೆ ನಿಮಗೇ ಕ್ವಿಜ್ ಬೇರೆ. ಸೋನಿ ಏನು ಕಡಿಮೆಯೇ? ಕೈಯಲ್ಲಿ ಹಿಡಿದು ಆಡುವ ಅದರ ಪ್ಲೇಸ್ಟೇಷನ್ ಪೋರ್ಟಲ್ 2023ರಲ್ಲಿ ಬಂದಾಗ, ಸೋನಿಯದೇ ದೊಡ್ಡ ಯಂತ್ರ ಪಿಎಸ್5 ಇಲ್ಲದವರಿಗೆ ಅದು ಬರೀ ತಟ್ಟೆ.

ನಗು ಸಾಕು. ತನ್ನ ಹಳೆಯ ಯಂತ್ರಗಳಾದ 3ಡಿಎಸ್ ಮತ್ತು ವೀ ಯು ಆನ್‌ಲೈನ್ ಅಂಗಡಿಯಲ್ಲಿ ಹೊಸದಾಗಿ ಗೇಮ್ ಕೊಳ್ಳೋದನ್ನು ನಿಂಟೆಂಡೊ 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಸ್ವಿಚ್ 2 ಸರದಿಯೂ ಬಂದೇ ಬರುತ್ತದೆ. ಡೌನ್‌ಲೋಡೂ ನಿಂತ ದಿನ ಈ ಕೀ ಯಾವ ಬೀಗಕ್ಕೆ? ಸಾಲದ್ದಕ್ಕೆ 2025ರ ಮೇ ತಿಂಗಳಲ್ಲಿ ಅಮೆರಿಕದ ಗ್ರಾಹಕರ ಒಪ್ಪಂದ ತಿದ್ದಿ, ನಿಯಮ ಮುರಿದರೆ ನಿಮ್ಮ ಯಂತ್ರವನ್ನು ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡಬಹುದು ಅಂತ ಸೇರಿಸಿಕೊಂಡರು. ದುಡ್ಡು ಕೊಟ್ಟು ಕೊಂಡ ವಸ್ತು ಕಣ್ರೀ ಅದು. ಬಾಡಿಗೆ ಅಂತ ನೇರವಾಗಿ ಹೇಳಿ, ಬಾಡಿಗೆಯ ರೇಟೇ ಹಾಕಿ. ಮಾರಿದ್ದೇವೆ ಅಂತ ಯಾಕೆ ಸುಳ್ಳು?

ನಮಗೆ ಇಷ್ಟು ಕೋಪ ಮಾಡಿಕೊಳ್ಳುವ ಹಕ್ಕೂ ಇಲ್ಲ ಅನ್ನಿ. 2025ರ ಜೂನ್ 5ಕ್ಕೆ ಸ್ವಿಚ್ 2 ಬಿಡುಗಡೆಯಾದಾಗ ಭಾರತ ಪಟ್ಟಿಯಲ್ಲೇ ಇರಲಿಲ್ಲ. ಬೇಕಾದವರು ಹೊರಗಿಂದ ತರಿಸುವ ಅಂಗಡಿಯಲ್ಲಿ ಜಾಸ್ತಿ ಕೊಟ್ಟು ಕೊಂಡರು. ಕೆಟ್ಟರೆ ದುಬೈಯಲ್ಲಿರುವ ಭಾವನಿಗೆ ಫೋನು.