ಎಲ್ಲವೂ ಪ್ರಜಾಸತ್ತಾತ್ಮಕ

ಈಗೀಗ ಪ್ರಜಾಸತ್ತಾತ್ಮಕವಾಗದ ವಸ್ತುವೇ ಉಳಿದಿಲ್ಲವೆನಿಸುತ್ತದೆ. ಷೇರು ವ್ಯವಹಾರದ ಆಪ್‌ನವರು ಹೂಡಿಕೆಯನ್ನು ಡೆಮಾಕ್ರಟೈಸ್ ಮಾಡಿದ್ದಾರೆ, ಕೃತಕ ಬುದ್ಧಿಮತ್ತೆಯವರು ಜ್ಞಾನವನ್ನು ಮಾಡಿದ್ದಾರೆ, ಮುಖದ ಕ್ರೀಮು ಮಾರುವವರು ಸೌಂದರ್ಯವನ್ನೂ ಬಿಟ್ಟಿಲ್ಲ. ಕನ್ನಡದಲ್ಲಿ ಇದನ್ನು 'ಪ್ರಜಾಸತ್ತಾತ್ಮಕಗೊಳಿಸುವಿಕೆ' ಎನ್ನುತ್ತಾರೆ. ತಡವರಿಸದೆ ಉಚ್ಚರಿಸಬಲ್ಲವರನ್ನು ನೇರವಾಗಿ ಅಧ್ಯಕ್ಷ ಪೀಠಕ್ಕೇ ಕರೆಯಬಹುದು.

'ಡೆಮಾಕ್ರಸಿ' ಎಂಬ ಮಾತಿನ ಬೇರು ಗ್ರೀಕಿನದು. 'ಡೆಮೋಸ್' ಎಂದರೆ ಜನ, 'ಕ್ರಾಟೋಸ್' ಎಂದರೆ ಬಲ, ಹಿಡಿತ. ಡೆಮೋಸ್‌ಗೆ ಹಳ್ಳಿ, ಕೇರಿ ಎಂಬ ಅರ್ಥವೂ ಉಂಟು. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಅಥೆನ್ಸಿನ ಆಡಳಿತವನ್ನು ಹೊಸದಾಗಿ ಕಟ್ಟಿದಾಗ, ಪೌರನೆನಿಸಿಕೊಳ್ಳುವವನ ಹೆಸರು ಅವನ ಡೆಮೋಸ್‌ನ ಪಟ್ಟಿಯಲ್ಲಿ ಇರಬೇಕೆಂದಾಯಿತು, ಹೆಸರಿನೊಡನೆ ಊರನ್ನೂ ಹೇಳುವ ರೂಢಿ ಬೆಳೆಯಿತು. ಊರಿನ ಇನಿಷಿಯಲ್ಲನ್ನು ಹೆಸರಿನ ಮುಂದೆ ಹೊತ್ತು ತಿರುಗುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ 'ಕ್ರಾಟೋಸ್' ಕೈಗೆ ಸಿಗುತ್ತಿದ್ದ ಬಗೆಯನ್ನು ನೋಡಬೇಕಾದರೆ ಅವರ ಚೀಟಿ ಎತ್ತುವ ಕಲ್ಲನ್ನು ನೋಡಬೇಕು. ಆಳೆತ್ತರದ ಚಪ್ಪಡಿಯಲ್ಲಿ ಸಾಲುಸಾಲಾಗಿ ಸೀಳುಗಳಿರುತ್ತಿದ್ದವು. ನ್ಯಾಯಮಂಡಲಿಗೆ ಬರಲು ಸಿದ್ಧರಿದ್ದವರ ಹೆಸರು ಕೊರೆದ ಫಲಕಗಳನ್ನು ಅವುಗಳಲ್ಲಿ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಯಿಂದ ಬಿಳಿಯ ಗುಂಡು ಉರುಳಿದರೆ ಆ ಅಡ್ಡಸಾಲಿನವರೆಲ್ಲರೂ ಆಯ್ಕೆಯಾದರು, ಕರಿಯ ಗುಂಡು ಉರುಳಿದರೆ ಅಷ್ಟೂ ಜನ ಮನೆಗೆ ಹೊರಟರು. ಶಿಫಾರಸು ಪತ್ರ ತರುವವನಿಗೆ ಆ ಕಲ್ಲಿನ ಮುಂದೆ ಮಾಡುವುದಕ್ಕೇನೂ ಇರಲಿಲ್ಲ. ಹೆಂಗಸರ, ಗುಲಾಮರ, ಹೊರನಾಡಿನಿಂದ ಬಂದು ನೆಲೆಸಿದವರ ಫಲಕಗಳಿಗೆ ಮಾತ್ರ ಅಲ್ಲಿ ಸೀಳೇ ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಫ್ರೆಂಚರಿಂದ ಇಂಗ್ಲಿಷಿಗೆ 'ಡೆಮಾಕ್ರಟೈಸ್' ಎಂಬ ಕ್ರಿಯಾಪದ ಬಂದದ್ದು 18ನೆಯ ಶತಮಾನದ ಕೊನೆಗೆ, ಫ್ರಾನ್ಸಿನ ಕ್ರಾಂತಿಯ ಬಿಸಿ ಆರದಿದ್ದ ದಿನಗಳಲ್ಲಿ. ಆಗ ಡೆಮಾಕ್ರಟೈಸ್ ಮಾಡುವುದೆಂದರೆ ರಾಜ್ಯವನ್ನೇ ಮಾಡುವುದಾಗಿತ್ತು, ಕ್ರೀಮನ್ನಲ್ಲ.

ನಮ್ಮ 'ಪ್ರಜೆ'ಯ ಕಥೆ ಬೇರೆ. ಸಂಸ್ಕೃತದಲ್ಲಿ ಅದು ಮೊದಲಿಗೆ ಸಂತಾನ, ಆಮೇಲೆ ರಾಜನ ಆಳ್ವಿಕೆಗೆ ಒಳಪಟ್ಟ ಜನ. ಅಂಥ ಪ್ರಜೆಯ ಪಕ್ಕದಲ್ಲೇ ಪ್ರಭುತ್ವವನ್ನು ಕೂರಿಸಿದವರು ಧೈರ್ಯವಂತರೇ ಸರಿ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಹೆಸರಿನಲ್ಲಿ ಪ್ರಜೆಯಿದ್ದಳು, ಪ್ರಭುತ್ವವಿರಲಿಲ್ಲ. ಮೊದಲ ಸಲ ಸೇರಿದ 144 ಮಂದಿ ದಿವಾನರ ವರದಿಯನ್ನು ಕೇಳಬಹುದಿತ್ತು, ತಮ್ಮ ಅಹವಾಲನ್ನು ಮುಂದಿಡಬಹುದಿತ್ತು, ತೀರ್ಮಾನ ಸರ್ಕಾರದ್ದು. ಇಲ್ಲದ ಅಧಿಕಾರವನ್ನು ಹೆಸರಿನಲ್ಲಿ ತೋರಿಸಿಕೊಳ್ಳದ ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಗುತ್ತದೆ.

ಜಾಹೀರಾತಿನವರಿಗೆ ಆ ಸಂಕೋಚವಿಲ್ಲ. ಸರಕು ಎಲ್ಲರಿಗೂ ಸಿಗುವಂತಾದದ್ದು ಸಣ್ಣ ಸಂಗತಿಯೇನಲ್ಲ. ಆದರೆ ಡೆಮೋಸನ್ನು ಗಿರಾಕಿಯಾಗಿ ಒಳಗೆ ಕರೆದವರು ಕ್ರಾಟೋಸನ್ನು ಹೊಸ್ತಿಲಾಚೆಯೇ ನಿಲ್ಲಿಸಿದ್ದಾರೆ. ಆಪ್‌ನ ನಿಯಮ ಬದಲಾದಾಗ ನಮಗೆ ಬರುವುದು ಮತಪತ್ರವಲ್ಲ, 'ಒಪ್ಪಿದ್ದೇನೆ' ಎಂಬ ಒಂದೇ ಗುಂಡಿ. ಇದಕ್ಕೆ 'ಎಲ್ಲರ ಕೈಗೆಟುಕುವಂತೆ' ಎಂಬ ಹಳೆಯ ಮಾತೇ ಸಾಕಿತ್ತು. ಸೋಪಿನ ಅಂಗಡಿಯವರು ಎಷ್ಟೋ ಕಾಲದಿಂದ ಅದರಲ್ಲೇ ವ್ಯಾಪಾರ ಮಾಡಿಕೊಂಡು ಬಂದಿದ್ದಾರೆ.