ಉಸಿರಾಡೋಕೂ ದುಡ್ಡು ಕಟ್ಟುವ ಊರಿನಿಂದ

ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಅಂತ ನವೆಂಬರಿನಲ್ಲಿ ಲಂಡನ್ನಿನಿಂದ ಊರಿಗೆ, ಚಿಕ್ಕಮಗಳೂರಿಗೆ, ಹೋಗಿದ್ದೆ. ಪಂಕ್ತಿಯಲ್ಲಿ ಇನ್ನೂ ಪಾಯಸ ಬಂದಿರಲಿಲ್ಲ. ಆಲ್ದೂರಿನ ಭಾವ ಎದುರು ಸಾಲಿನಿಂದ ಎಲ್ಲರಿಗೂ ಕೇಳುವ ಹಾಗೆ ಕೇಳಿದರು: “ಏನ್ ಮಾರಾಯ, ನಿಮ್ ಲಂಡನ್ನಲ್ಲಿ ಉಸಿರಾಡಕ್ಕೂ ದುಡ್ಡು ಕಟ್ಬೇಕಂತೆ, ಹೌದಾ?” ಸಾಲಿಗೆ ಸಾಲೇ ನಕ್ಕಿತು. ಸಾರಿನ ಬಕೆಟ್ ಹಿಡಿದಿದ್ದ ಹುಡುಗನೂ ನಕ್ಕ. “ಉಸಿರಾಡಕ್ಕಲ್ಲ ಭಾವ, ಹಳೇ ಗಾಡಿ ಓಡ್ಸಕ್ಕೆ” ಅಂದೆ. “ಎಲ್ಲಾ ಒಂದೇ ಬಿಡು. ಇಲ್ ನೋಡು, ಮಲ್ನಾಡ್ ಗಾಳಿ, ಫ್ರೀ” ಅಂತ ಹೇಳಿ ಕೋಸಂಬರಿಗೆ ಕೈ ಹಾಕಿದರು.

ಮಾತು ತಮಾಷೆಯದೇ. ಆದರೂ ಚುಚ್ಚಿತು. ಯಾಕೆಂದರೆ ಆ ದುಡ್ಡಿನ ವಿಷಯದಲ್ಲಿ ನನ್ನಷ್ಟು ಬೈದುಕೊಂಡವರು ಆ ಪಂಕ್ತಿಯಲ್ಲಿ ಇನ್ನೊಬ್ಬರಿರಲಿಲ್ಲ.

ನಾನಿರುವುದು ಲಂಡನ್ನಿನ ಪಶ್ಚಿಮ ಅಂಚಿನಲ್ಲಿ, ಸೌತ್ ರೈಸ್ಲಿಪ್‌ನಲ್ಲಿ. ಯುಲೆಜ್ ಎಂಬ ಹೊಗೆ ಶುಲ್ಕ 2019ರ ಏಪ್ರಿಲ್‌ನಲ್ಲಿ ಲಂಡನ್ನಿನ ನಡುಭಾಗದಲ್ಲಿ ಶುರುವಾಗಿದ್ದು. 2021ರ ಅಕ್ಟೋಬರಿನಲ್ಲಿ ನಾರ್ತ್ ಸರ್ಕ್ಯುಲರ್, ಸೌತ್ ಸರ್ಕ್ಯುಲರ್ ರಸ್ತೆಗಳವರೆಗೆ ಬಂತು. ಆಗೆಲ್ಲ ಅದು ಒಳ ಊರಿನವರ ತಲೆನೋವು, ನಾವು ಸುದ್ದಿ ಓದಿ ಸುಮ್ಮನಾಗುತ್ತಿದ್ದೆವು. 2023ರ ಆಗಸ್ಟ್ 29ಕ್ಕೆ ಇಡೀ ಮಹಾನಗರಕ್ಕೆ ಹಬ್ಬಿ ನಮ್ಮ ಬೀದಿಗೂ ಬಂತು. ಯುರೋಪಿನ ಹೊಗೆ ಮಾನದಂಡದ ಲೆಕ್ಕದಲ್ಲಿ ಪೆಟ್ರೋಲ್ ಗಾಡಿಯಾದರೆ ಯೂರೋ 4, ಡೀಸೆಲ್ ಆದರೆ ಯೂರೋ 6 ಇರಬೇಕು. ಇಲ್ಲದಿದ್ದರೆ ಗಾಡಿ ಹೊರಗೆ ತೆಗೆದ ದಿನಕ್ಕೆ ಹನ್ನೆರಡೂವರೆ ಪೌಂಡು, ನಮ್ಮ ಲೆಕ್ಕದಲ್ಲಿ ಸಾವಿರದ ಮುನ್ನೂರಕ್ಕೂ ಮೇಲೆ. ಕ್ರಿಸ್‌ಮಸ್ ದಿನ ಒಂದು ಬಿಟ್ಟು ವರ್ಷವಿಡೀ, ರಾತ್ರಿ ಹಗಲು. ಕಟ್ಟುವುದು ಮರೆತರೆ 180 ಪೌಂಡು ದಂಡ, 14 ದಿನದೊಳಗೆ ಕಟ್ಟಿದರೆ ಅರ್ಧ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಓದುತ್ತದೆ, ಮನೆಗೆ ಕಾಗದ ಬರುತ್ತದೆ. “ಸಾರ್, ಇದೊಂದ್ ಸಲ ಬಿಟ್ಬಿಡಿ” ಅನ್ನೋಣವೆಂದರೆ ಅಲ್ಲಿ ಸಾರ್ ಇಲ್ಲ.

ನನ್ನದು 2014ರ ಡೀಸೆಲ್ ಕಾರು, ಯೂರೋ 5. ಆ ಕಾಲದಲ್ಲಿ ಡೀಸೆಲ್ ಕೊಂಡವರು ಬುದ್ಧಿವಂತರೆನಿಸಿಕೊಂಡಿದ್ದರು. ಇಂಗಾಲದ ಡೈಆಕ್ಸೈಡ್ ಕಡಿಮೆ ಉಗುಳುತ್ತದೆಂದು ಅಲ್ಲಿನ ಸರ್ಕಾರವೇ ರಸ್ತೆ ತೆರಿಗೆ ಇಳಿಸಿ ಡೀಸೆಲ್ಲಿನ ಕಡೆ ಜನರನ್ನು ತಳ್ಳಿತ್ತು. ಡೀಸೆಲ್ ಉಗುಳುವ, ಶ್ವಾಸಕೋಶಕ್ಕೆ ಕೆಡುಕಾದ ನೈಟ್ರೋಜನ್ ಡೈಆಕ್ಸೈಡ್ ಎಂಬ ಇನ್ನೊಂದು ಅನಿಲದ ಮಾತನ್ನು ಆಗ ಅಂಗಡಿಯವನೂ ಎತ್ತಲಿಲ್ಲ, ಮಂತ್ರಿಯೂ ಎತ್ತಲಿಲ್ಲ. ಕಾರನ್ನು ಸಿಕ್ಕಷ್ಟಕ್ಕೆ ಮಾರಿದೆ. ಆ ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಆದರೆ 2023ರಲ್ಲಿ ಅಲ್ಲಿ ಎದ್ದ ಗಲಾಟೆ ನೋಡಬೇಕಿತ್ತು. ಐದು ಸ್ಥಳೀಯ ಆಡಳಿತಗಳು, ನಮ್ಮ ಹಿಲಿಂಗ್ಡನ್ ಕೂಡ ಸೇರಿ, ಮೇಯರ್ ಸಾದಿಕ್ ಖಾನ್ ಮೇಲೆ ಹೈಕೋರ್ಟಿಗೆ ಹೋಗಿ ಸೋತವು. ರಾತ್ರಿ ಹೊತ್ತು ಕ್ಯಾಮೆರಾದ ವೈರು ಕತ್ತರಿಸಿದರು, ಕೆಲವು ಕಡೆ ಕಂಬವನ್ನೇ ಗರಗಸದಲ್ಲಿ ಕೊಯ್ದು ಮಲಗಿಸಿದರು. ಬೋರಿಸ್ ಜಾನ್ಸನ್ ರಾಜೀನಾಮೆ ಕೊಟ್ಟು ಖಾಲಿಯಾದ ನಮ್ಮ ಅಕ್ಸ್‌ಬ್ರಿಡ್ಜ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆದದ್ದು ಅದೇ ಜುಲೈನಲ್ಲಿ. ಕಾಮನ್‌ವೆಲ್ತ್ ದೇಶದವರಿಗೆ ಅಲ್ಲಿ ವೋಟು ಉಂಟು, ನಾನೂ ಹಾಕಿದೆ. ದೇಶವೆಲ್ಲ ಕನ್ಸರ್ವೇಟಿವ್ ಪಕ್ಷಕ್ಕೆ ಬೆನ್ನು ತಿರುಗಿಸಿದ್ದ ಹೊತ್ತಲ್ಲೂ ಹೊಗೆ ಶುಲ್ಕದ ಒಂದೇ ವಿಷಯ ಹಿಡಿದು ಆ ಪಕ್ಷ 495 ವೋಟಿನಲ್ಲಿ ಗೆದ್ದಿತು. ತಮಾಷೆ ಅಂದರೆ, ಯುಲೆಜ್ ಎಂಬ ಬೀಜ ಬಿತ್ತಿದ್ದೇ ಮೇಯರ್ ಆಗಿದ್ದಾಗಿನ ಜಾನ್ಸನ್. ಮರುವರ್ಷ ಮೇಯರ್ ಚುನಾವಣೆಯಲ್ಲಿ ಖಾನ್ ಮತ್ತೆ ಗೆದ್ದರು.

ಇಷ್ಟು ಕಿತ್ತಾಟದಲ್ಲಿ ನನಗೆ ಹಿಡಿಸಿದ್ದು ಒಂದೇ. ಬಸ್‌ಸ್ಟಾಪಿನಲ್ಲಿ ನಿಂತ ಮುದುಕಿಗೂ ಗಾಳಿಯ ಬಗ್ಗೆ ಒಂದು ಅಭಿಪ್ರಾಯ ಇತ್ತು. ಶುಲ್ಕ ಬೇಡ ಅನ್ನುವವರೂ ಗಾಳಿ ಚೆನ್ನಾಗಿದೆ ಅನ್ನುತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ಮಗು. ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ, ಮನೆ ಸೌತ್ ಸರ್ಕ್ಯುಲರ್ ರಸ್ತೆಗೆ ತೀರಾ ಹತ್ತಿರ, ಅಸ್ತಮಾದಿಂದ 2013ರಲ್ಲಿ ತೀರಿಕೊಂಡಳು. ಅವಳ ತಾಯಿ ಬಿಡಲಿಲ್ಲ. ಎರಡನೇ ಸಲ ವಿಚಾರಣೆ ನಡೆಸಿದ ಕಾರೊನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, 2020ರ ಡಿಸೆಂಬರಿನಲ್ಲಿ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಬರೆದರು.

ಈಗ ಚಿಕ್ಕಮಗಳೂರಿಗೆ ಬನ್ನಿ. ನಮ್ಮಮ್ಮನಿಗೆ ಡಸ್ಟ್ ಅಲರ್ಜಿ. ಪಕ್ಕದ ಮನೆ ಆಂಟಿಗೆ ಡಸ್ಟ್ ಅಲರ್ಜಿ. ಆ ಆಂಟಿಯ ಮೊಮ್ಮಗ ಎಲ್‌ಕೆಜಿಗೆ ಹೋಗುತ್ತಾನೆ, ಅವನ ಬ್ಯಾಗಿನಲ್ಲಿ ನೀರಿನ ಬಾಟಲಿ ಪಕ್ಕ ಇನ್‌ಹೇಲರ್. ಯಾವ ಡಸ್ಟು, ಯಾರ ಡಸ್ಟು ಅಂತ ಕೇಳಿದರೆ “ಹವಾ ಚೇಂಜ್ ಆಯ್ತಲ್ಲ, ಅದ್ಕೆ” ಅನ್ನುತ್ತಾರೆ. ಭಾನುವಾರ ಸಂಜೆ ಹನುಮಂತಪ್ಪ ವೃತ್ತದಲ್ಲಿ ತರಕಾರಿ ಚೀಲ ಹಿಡಿದು ರಸ್ತೆ ದಾಟಲು ನಿಂತಿದ್ದೆ. ಮುಳ್ಳಯ್ಯನಗಿರಿಯಿಂದ ಇಳಿದ ಕಾರು, ಟಿಟಿಗಳೆಲ್ಲ ಒಂದರ ಬಾಲಕ್ಕೆ ಒಂದು ಅಂಟಿ ನಿಂತಿವೆ, ಒಬ್ಬರೂ ಎಂಜಿನ್ ಆರಿಸಿಲ್ಲ. ಮುಂದಿದ್ದ ಟಿಪ್ಪರ್ ಬಿಟ್ಟ ಹೊಗೆಗೆ ಹೂ ಮಾರುವ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೇವಂತಿಗೆ ಮೊಳ ಹಾಕುತ್ತಲೇ ಇದ್ದಳು. ಅಭ್ಯಾಸವಾಗಿ ಹೋಗಿದೆ.

ಕಲ್ಯಾಣನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರವೇ ಇದೆ. ಅಲ್ಲಿನ ಅಂಕಿ ಮೊಬೈಲಿನಲ್ಲೇ ಸಿಗುತ್ತದೆ. ನಿಶ್ಚಿತಾರ್ಥದ ಮನೆಯಲ್ಲಿ ಕೇಳಿ ನೋಡಿದೆ, ಅಂಥದ್ದೊಂದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಕಾಫಿ ರೇಟು ಬೆಳಗ್ಗೆ ಎಷ್ಟಿತ್ತು, ಮಧ್ಯಾಹ್ನ ಎಷ್ಟಾಯಿತು ಅಂತ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ಪಟ್ಟಿಯಲ್ಲಿಲ್ಲ ಅಂದಮೇಲೆ ನಮಗೇನು ಅನ್ನುವುದು ನಮ್ಮವರ ಧೈರ್ಯ. ಆದರೆ ಪಿಎಂ 2.5 ಎಂಬ ಸೂಕ್ಷ್ಮ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5. ಎರಡರ ನಡುವೆ ಬಹಳ ಕೆಮ್ಮಿಗೆ ಜಾಗವಿದೆ.

ನನ್ನ ತಕರಾರು ಇಷ್ಟೇ: ಮಲೆನಾಡಿನ ಗಾಳಿ ಎಂಬುದು ಪಿತ್ರಾರ್ಜಿತ ಆಸ್ತಿ, ಅದಕ್ಕೆ ಖರ್ಚಿಲ್ಲ ಎಂದು ನಾವು ನಂಬಿಬಿಟ್ಟಿದ್ದೇವೆ. ಹಾಗೆ ನಂಬಿದವರು ಜಗಳಕ್ಕೂ ಬರುವುದಿಲ್ಲ.

ಹೊಗೆ ತಪಾಸಣೆ ನಮ್ಮಲ್ಲೂ ಇಲ್ಲವೇ? ಇದೆ. ಮರುದಿನ ಭಾವನ ಜೀಪಿನಲ್ಲೇ ಪೇಟೆಗೆ ಬಂದಾಗ ಅದನ್ನೂ ನೋಡಿದೆ. ಕುಯ್ಲಿನ ಆಳುಗಳನ್ನೂ ಗೊಬ್ಬರದ ಚೀಲಗಳನ್ನೂ ವರ್ಷಗಟ್ಟಲೆ ಹೊತ್ತ ಜೀಪು ಅದು, ಹದಿನೈದು ವರ್ಷ ದಾಟಿ ಎಷ್ಟೋ ಕಾಲವಾಗಿದೆ. ಎಮಿಷನ್ ಟೆಸ್ಟ್ ಮಾಡುವ ಓಮ್ನಿ ಬಂಕಿನ ಪಕ್ಕ ನಿಂತಿತ್ತು. ಡೀಸೆಲ್ ಗಾಡಿಯಾದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಟ್ಟು, ಮತ್ತೆ ಒತ್ತಿ, ಆಗ ಬರುವ ಹೊಗೆಯ ದಪ್ಪ ಅಳೆಯಬೇಕು. ಹುಡುಗ ಸೈಲೆನ್ಸರಿಗೆ ನಳಿಗೆ ತೂರಿಸಿದವನೇ, “ಜಾಸ್ತಿ ರೇಸ್ ಮಾಡ್ಬೇಡಿ ಸಾರ್, ಹಂಗೇ ಸ್ಲೋಲಿ ಇಡಿ” ಅಂದ. ಜೀಪು ಬೆಕ್ಕಿನ ಹಾಗೆ ಗುರುಗುಟ್ಟಿತು. ನಂಬರ್ ಪ್ಲೇಟಿನ ಫೋಟೋ, ಪ್ರಿಂಟು, ಪಾಸ್. ಬಂಕು ದಾಟಿ ಗೇರ್ ಬದಲಿಸಿದೊಡನೆ ಹಿಂದಿನ ಸ್ಕೂಟರಿನವಳು ಕಾಣದಷ್ಟು ಕಪ್ಪು ಹೊಗೆ. ಸರ್ಟಿಫಿಕೇಟ್ ಇಲ್ಲದಿದ್ದರೆ 10,000 ರೂಪಾಯಿವರೆಗೆ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ನಮ್ಮ ಭಯವೆಲ್ಲ ಆ ಕಾಗದದ ಮೇಲೆ, ಹೊಗೆಯ ಮೇಲಲ್ಲ. ಲಂಡನ್ನಿನವನು ಕ್ಯಾಮೆರಾ ಕತ್ತರಿಸುತ್ತಾನೆ. ನಮ್ಮವನು ಪ್ರಿಂಟ್ ತೆಗೆಸಿಕೊಂಡು ಟೀ ಕುಡಿಯುತ್ತಾನೆ.

ಭಾವನಿಗೆ ಸಿಟ್ಟು ಬರುವುದೇ ಇಲ್ಲವೆಂದಲ್ಲ. ಗಿರಿಯ ದಾರಿಯಲ್ಲಿರುವ ಕೈಮರ ಚೆಕ್‌ಪೋಸ್ಟ್ ಹೆಸರೆತ್ತಿದರೆ ಸಾಕು. ಮುಳ್ಳಯ್ಯನಗಿರಿ, ದತ್ತಪೀಠದ ಕಡೆ ಹೋಗುವ ಗಾಡಿಗಳಿಗೆ 2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಮಿತಿ ಹಾಕಿದೆ: ಬೆಳಗ್ಗೆ 600, ಮಧ್ಯಾಹ್ನದ ಮೇಲೆ 600, ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿ ಶುಲ್ಕ ಕಟ್ಟಬೇಕು. “ನಮ್ ಗಿರಿಗೆ ನಾವು ಹೋಗಕ್ಕೆ ಬುಕಿಂಗಾ? ಬೆಂಗ್ಳೂರಿನವ್ರ ಹತ್ರ ವಸೂಲಿ ಮಾಡ್ಲಿ” ಅಂತ ಅವರ ವಾದ. ನನಗೆ ನಗು ಬಂತು, ಯಾಕೆಂದರೆ ನಮ್ಮ ರೈಸ್ಲಿಪ್‌ನವರೂ ಹಾಗೇ ಹೇಳಿದ್ದರು, “ನಡುಪಟ್ಟಣದವರ ಹತ್ತಿರ ತೆಗೆದುಕೊಳ್ಳಿ, ನಮ್ಮದು ಹಸಿರು ಬಡಾವಣೆ.” ದೆಹಲಿಯಲ್ಲಿ 2025ರ ಜುಲೈ 1ರಿಂದ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗೆ ಬಂಕಿನಲ್ಲಿ ಇಂಧನವಿಲ್ಲ ಅಂದಾಗಲೂ ಜನ ಎದ್ದರು, ನಾಲ್ಕಾರು ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಸಿಟ್ಟು ಎಲ್ಲ ಕಡೆ ಒಂದೇ. ನಮ್ಮ ಊರಿನ ಸಿಟ್ಟಿನಲ್ಲಿ ಗಾಳಿಯ ಮಾತೇ ಇಲ್ಲ ಅನ್ನುವುದು ನನ್ನ ಸಂಕಟ.

ಸರಿ, ಒಪ್ಪಿಕೊಳ್ಳಬೇಕಾದ್ದು ಒಂದಷ್ಟಿದೆ. ಆಲ್ದೂರಿನ ತೋಟದಲ್ಲಿ ಬೆಳಗ್ಗೆ ಎದ್ದು ಎಳೆದುಕೊಂಡ ಉಸಿರಿಗೆ ಲಂಡನ್ನಿನ ಯಾವ ಪಾರ್ಕೂ ಸಾಟಿಯಾಗದು. ಯುಲೆಜ್ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ರಸ್ತೆ ಬದಿಯ ನೈಟ್ರೋಜನ್ ಡೈಆಕ್ಸೈಡ್ ಶೇ 27ರಷ್ಟು ಕಡಿಮೆ ಎಂದು ಮೇಯರ್ ಕಚೇರಿಯ 2025ರ ವರದಿ ಬರೆದುಕೊಂಡಿದೆ, ಆದರೂ ಅದು ಆಲ್ದೂರಾಗಿಲ್ಲ. ಲಂಡನ್ನಿನವರು ಹುಟ್ಟಾ ಜಾಣರೂ ಅಲ್ಲ. 1952ರ ಡಿಸೆಂಬರಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತಾಗ ಅಲ್ಲಿನ ಸರ್ಕಾರ ಬಹುಪಾಲು ಸಾವನ್ನು ಫ್ಲೂ ಲೆಕ್ಕಕ್ಕೆ ಬರೆಯಲು ನೋಡಿತ್ತು, ನಮ್ಮ ಡಸ್ಟ್ ಅಲರ್ಜಿಯ ಅಣ್ಣನೇ ಅದು. ಶುದ್ಧ ಗಾಳಿ ಕಾಯ್ದೆ ಬಂದದ್ದು 1956ರಲ್ಲಿ.

ಇನ್ನು ಬಸ್ಸು. ಇದನ್ನು ಹೇಳದೆ ಇರೋಣ ಅಂದುಕೊಂಡಿದ್ದೆ, ಆದರೆ ಅಕ್ಕ ಬಿಡುವುದಿಲ್ಲ. ಕಾರು ಮಾರಿದ ಮೇಲೆ ನಾನು ಬದುಕಿದ್ದು ಮನೆ ಮುಂದೆ ಬಸ್ಸು ಇದ್ದದ್ದಕ್ಕೆ. ಶುಲ್ಕದ ಜೊತೆಗೇ ಹೊರ ಬಡಾವಣೆಗಳಿಗೆ ಸೂಪರ್‌ಲೂಪ್ ಎಂಬ ಎಕ್ಸ್‌ಪ್ರೆಸ್ ಬಸ್ಸನ್ನೂ ಬಿಟ್ಟರು. ಹಳೇ ಕಾರು ಗುಜರಿಗೆ ಹಾಕಿದವರಿಗೆ 2,000 ಪೌಂಡು ಕೊಡುವ ಯೋಜನೆಯೂ ಇತ್ತು. ಅಕ್ಕನ ತೋಟದ ಗೇಟಿನಿಂದ ಬಸ್ಸು ನಿಲ್ಲುವ ಕಡೆಗೆ ಮಳೆಗಾಲದಲ್ಲಿ ನಡೆದು ನೋಡಿ. ಸಂಜೆಯ ಬಸ್ಸು ತಪ್ಪಿದರೆ ಆ ಜೀಪೇ ಬಸ್ಸು, ಆ ಜೀಪೇ ಆಂಬುಲೆನ್ಸು. ಕಳೆದ ಆಷಾಢದಲ್ಲಿ ತೋಟದ ಆಳುಗಳ ಲೈನ್ ಮನೆಯ ಬಸುರಿಯನ್ನು ರಾತ್ರಿ ಜಿಲ್ಲಾಸ್ಪತ್ರೆಗೆ ತಲುಪಿಸಿದ್ದೂ ಅದೇ ಕಪ್ಪು ಹೊಗೆಯ ಜೀಪು. ಅದಕ್ಕೆ ದಿನಕ್ಕಿಷ್ಟು ಅಂತ ಶುಲ್ಕ ಹಾಕುವ ಧೈರ್ಯ ನನಗೂ ಇಲ್ಲ.

ಹಾಗಾಗಿ ಜೀಪಿನ ತಂಟೆ ಸದ್ಯಕ್ಕೆ ಬೇಡ. ಓಮ್ನಿಯ ಹುಡುಗ ಆಕ್ಸಿಲರೇಟರ್ ಪೂರ್ತಿ ಒತ್ತಿಸಲಿ, ಫೇಲಾದರೆ ಫೇಲ್ ಅಂತ ಬರೆಯಲಿ, ಗಾಡಿಯವನು ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬದಲಿಸಿಕೊಂಡು ಬರಲಿ. ಕಲ್ಯಾಣನಗರದ ಅಂಕಿಯನ್ನು ಹನುಮಂತಪ್ಪ ವೃತ್ತದಲ್ಲಿ ಬೋರ್ಡ್ ಮಾಡಿ ಹಾಕಲಿ. ಶುಲ್ಕ ಹಾಕಲೇಬೇಕೆಂದರೆ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಗ್ಗೆ ಗಿರಿ ಹತ್ತುವ ಒಂಟಿ ಸವಾರನ ದೊಡ್ಡ ಕಾರುಗಳಿಗೆ ಹಾಕಲಿ, ಆ ದುಡ್ಡಿನಲ್ಲಿ ಆಲ್ದೂರು ಕಡೆಗೆ ಇನ್ನೊಂದು ಸಂಜೆ ಬಸ್ಸು ಬಿಡಲಿ. ಏರ್‌ಪೋರ್ಟಿನಿಂದ ಬಾಡಿಗೆ ಡೀಸೆಲ್ ಕಾರು ಹಿಡಿದು ಒಬ್ಬನೇ ಬರುವ ನನ್ನಂಥವರಿಗೂ ಸೇರಿಸಿಯೇ ಹಾಕಲಿ, ಬೈದುಕೊಂಡಾದರೂ ಕಟ್ಟುತ್ತೇನೆ.